ಹಳೆಯ ಕಾಯಿಲೆಯವರು

ನನ್ನ ಓರಗಿತ್ತಿಗೆ ಸಂಧಿವಾತ. ವಯಸ್ಸಾದ ಮೇಲೆ ಬರುವ ಮಂಡಿನೋವು ಎಂದುಕೊಳ್ಳಬೇಡಿ. ಮೂವತ್ತೈದು ತುಂಬುವ ಮೊದಲೇ ಬೆರಳಿನ ಗೆಣ್ಣುಗಳಲ್ಲಿ ಬಂದು ಕೂತು, ಔಷಧಿ ಬಿಟ್ಟರೆ ಬೆರಳುಗಳನ್ನೇ ಸೊಟ್ಟಗೆ ಮಾಡಿಬಿಡುವ ಜಾತಿಯದು. ಅವಳು ಇರುವುದು ಹೊಸದುರ್ಗದಲ್ಲಿ, ನಾವು ಮತ್ತೋಡಿನಲ್ಲಿ. ದಾವಣಗೆರೆಯ ಡಾಕ್ಟರೊಬ್ಬರು ಬರೆದುಕೊಟ್ಟ ಮಾತ್ರೆಗಳನ್ನು ಆಗ ಎಂಟು ವರ್ಷದಿಂದ ತಪ್ಪದೆ ನುಂಗುತ್ತಿದ್ದಳು. ಅವುಗಳಲ್ಲೊಂದು ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾದ ಔಷಧಿಯ ವಂಶದ್ದು; ಕೀಲುಗಳ ಊತವನ್ನೂ, ಲೂಪಸ್ ಎಂಬ ಇನ್ನೊಂದು ಕಾಯಿಲೆಯನ್ನೂ ಹತೋಟಿಯಲ್ಲಿಡಲು ದಶಕಗಳಿಂದ ಬಳಕೆಯಲ್ಲಿದೆ. ನಮ್ಮ ಬಾಯಿಗೆ ಆ ಹೆಸರು ಹತ್ತುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು 'ಬೆರಳಿನ ಮಾತ್ರೆ' ಎನ್ನುತ್ತಿದ್ದೆವು.

೨೦೨೦ರ ಮಾರ್ಚ್ ತಿಂಗಳ ಕೊನೆಯಲ್ಲಿ ಆ ಹೆಸರು ಟಿ.ವಿ.ಯಲ್ಲಿ ಬಂತು. ಅಮೆರಿಕದ ಅಧ್ಯಕ್ಷರು ಕೊರೋನಾಕ್ಕೆ ಅದೇ ಮದ್ದೆಂದು ಹೊಗಳಿದ್ದರು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ, ಕೊರೋನಾ ರೋಗಿಗಳನ್ನು ನೋಡಿಕೊಳ್ಳುವ ವೈದ್ಯರು, ದಾದಿಯರು ಮತ್ತು ಸೋಂಕಿತರ ಮನೆಯವರು ಮುನ್ನೆಚ್ಚರಿಕೆಯಾಗಿ ಅದನ್ನು ತೆಗೆದುಕೊಳ್ಳಬಹುದೆಂದು ಸಲಹೆ ಕೊಟ್ಟಿತು. ಓರಗಿತ್ತಿ ಫೋನು ಮಾಡಿ, "ಅಕ್ಕಾ, ನನ್ನ ಮಾತ್ರೆ ದೊಡ್ಡ ಮನುಷ್ಯ ಆಗೋಯ್ತು ನೋಡ್ರಿ! ದಿನಾ ಟಿ.ವಿ.ಯಲ್ಲಿ ಅದರದೇ ಹೆಸರು" ಎಂದು ನಕ್ಕಳು. ನಾನೂ ನಕ್ಕೆ. ಅವಳ ಡಬ್ಬಿಯಲ್ಲಿ ಆಗ ಇನ್ನು ಹದಿನೈದು ದಿನದ ಮಾತ್ರೆ ಇತ್ತು.

ಮಾರ್ಚ್ ೨೪ರ ಬೆಳಿಗ್ಗೆ ಬೆಂಗಳೂರಿನಿಂದ ಮಗ ಫೋನು ಮಾಡಿದ. "ಇಲ್ಲಿ ಎಲ್ಲರೂ ತೊಗೊಂಡು ಇಟ್ಕೊಳ್ತಿದಾರೆ ಅಮ್ಮಾ, ಅಪ್ಪನಿಗೆ ಹೇಳಿ ಒಂದಿಷ್ಟು ತರಿಸು" ಅಂದ. ಯಜಮಾನರು ಹೊಸದುರ್ಗಕ್ಕೆ ಹೋಗಿ, ಗುರುತಿನ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಮೂರು ಶೀಟು ತಂದರು. ಮೂವತ್ತು ಮಾತ್ರೆ. ಅದೇ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಇಪ್ಪತ್ತೊಂದು ದಿನದ ಲಾಕ್‌ಡೌನ್ ಎಂದರು. ಮಾತ್ರೆಗಳನ್ನು ನಾನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಯಾಕೆ ಅಲ್ಲಿಟ್ಟೆನೋ! ಕದ್ದ ವಸ್ತುವನ್ನು ಇಡುವ ಜಾಗ ಅದು.

ಎರಡು ದಿನ ಕಳೆದ ಮೇಲೆ, ೨೬ರಂದು, ಈ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ ಬಿಗಿ ಮಾಡಿತು. ಒಳ್ಳೆಯದೇ. ಆದರೆ ಚೀಟಿ ಇದ್ದ ಓರಗಿತ್ತಿಗೆ ಏಪ್ರಿಲ್ ಎರಡನೆಯ ವಾರ ಹೊಸದುರ್ಗದ ಯಾವ ಅಂಗಡಿಯಲ್ಲೂ ಅದು ಸಿಗಲಿಲ್ಲ. ಚೀಟಿ ಇಲ್ಲದವರು ಮೊದಲೇ ಕೊಂಡು ಹೋಗಿದ್ದರು. ನಮ್ಮಂಥವರು.

ಇಲ್ಲಿಗೇ ನಿಲ್ಲಿಸಿ ಇನ್ನೊಂದು ಮಾತು ಹೇಳಬೇಕು. ಆ ದಿನಗಳಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಕೊರೋನಾ ಇರಲಿಲ್ಲವೆಂದರೂ ನಡೆದೀತು. ಏಪ್ರಿಲ್ ಕೊನೆಗೆ ಸರ್ಕಾರ ಜಿಲ್ಲೆಗಳಿಗೆ ಬಣ್ಣ ಹಚ್ಚಿದಾಗ ನಮ್ಮದು ಹಸಿರು ವಲಯ. ರೋಗವೇ ಇಲ್ಲದ ಸೀಮೆಯಲ್ಲಿ ರೋಗಿಗಳು ಮಾತ್ರ ಹಾಗೇ ಇದ್ದರು. ಬಸ್ಸಿಲ್ಲ, ಹೊರಗಿನವರು ಬರಬಾರದೆಂದು ಊರುಗಳ ಬಾಯಿಗೆ ಜಾಲಿಮುಳ್ಳಿನ ಬೇಲಿ. ಖಾಸಗಿ ಡಾಕ್ಟರುಗಳ ಬಾಗಿಲು ಮುಚ್ಚಿತ್ತು. ಬೇಲಿ ಹಾಕಿದ್ದನ್ನು ನೋಡಿ 'ಸರಿಯಾಗಿ ಮಾಡಿದರು' ಎಂದವರಲ್ಲಿ ನಾನೂ ಒಬ್ಬಳು. ಆ ಬೇಲಿಯಿಂದ ಕೊರೋನಾ ಹೊರಗೆ ನಿಂತಿತೋ ಇಲ್ಲವೋ, ಹಿಂದಿನ ಬೀದಿಯ ಅಜ್ಜಿಯೊಬ್ಬರ ಇನ್ಸುಲಿನ್ ಹೊರಗೆ ನಿಂತದ್ದನ್ನಂತೂ ಕಂಡಿದ್ದೇನೆ. ಹಾಲಿನ ಗಾಡಿಯವನ ಕೈಕಾಲು ಹಿಡಿದು ತರಿಸಿಕೊಂಡರು.

ಓರಗಿತ್ತಿ ದಾವಣಗೆರೆಗೆ ಫೋನು ಹಚ್ಚಿದಳು. ಅತ್ತ ಕಡೆಯಿಂದ ಯಾರೋ ಹುಡುಗಿ, "ನಿಮ್ಮದು ಹಳೇ ಕಾಯಿಲೆ ಅಲ್ವಾ ಮೇಡಂ? ಸ್ವಲ್ಪ ದಿನ ತಡೀರಿ. ತುಂಬ ಅರ್ಜೆಂಟ್ ಇದ್ದರೆ ಮಾತ್ರ ಬನ್ನಿ" ಅಂದಳಂತೆ. ಆ ಹುಡುಗಿಯ ತಪ್ಪೇನೂ ಇಲ್ಲ, ಮೇಲಿನವರು ಹೇಳಿದ್ದನ್ನು ಹೇಳಿದಳು. ಮೇ ಮೊದಲ ವಾರದ ಹೊತ್ತಿಗೆ, ಹಸಿರೆಂದು ಹೇಳಿಸಿಕೊಂಡಿದ್ದ ದಾವಣಗೆರೆಯಲ್ಲೇ ಸೋಂಕು ಭುಗಿಲೆದ್ದಿತು. ಅಲ್ಲಿಗೆ ಹೋಗುವ ಮಾತೇ ಮುಗಿಯಿತು.

'ಹಳೇ ಕಾಯಿಲೆ.' ಈ ಎರಡು ಪದಗಳು ನನ್ನನ್ನು ಈಗಲೂ ಬಿಟ್ಟಿಲ್ಲ. ಹಳೆಯದಾದರೆ ಕಾಯಿಲೆ ಸಣ್ಣದಾಗುತ್ತದೆಯೇ? ಸಾಲವಾದರೆ ಹಳೆಯದಾದಷ್ಟೂ ಬಡ್ಡಿ ಬೆಳೆಯುತ್ತದೆ. ಕಾಯಿಲೆಯನ್ನು ಮಾತ್ರ ನಾವು ಹಳೆಯ ಸೊಸೆಯ ಹಾಗೆ ನೋಡುತ್ತೇವೆ: ಇಷ್ಟು ವರ್ಷ ಹೇಗೋ ಸಂಭಾಳಿಸಿದ್ದಾಳೆ, ಇನ್ನಷ್ಟು ದಿನ ಸಂಭಾಳಿಸುತ್ತಾಳೆ. ಸಂಭಾಳಿಸಿದ್ದು ಅವಳ ಶಕ್ತಿಯಿಂದ ಮಾತ್ರವಲ್ಲ, ದಿನವೂ ಬೆಳಿಗ್ಗೆ ನುಂಗಿದ ಆ ಒಂದು ಮಾತ್ರೆಯಿಂದಲೂ ಎನ್ನುವುದು ಮರೆತುಹೋಗುತ್ತದೆ. ಔಷಧಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತೆಂದರೆ ಏನೂ ಆಗದಿರುವುದು. ಏನೂ ಆಗದವರನ್ನು ಯಾರು ತಿರುಗಿ ನೋಡುತ್ತಾರೆ?

ಆ ಏಪ್ರಿಲ್‌ನಲ್ಲೇ ಮಂಜೇಶ್ವರದ ಗೆಳತಿಯ ಫೋನು ಬಂತು. ಬಿ.ಇಡಿ. ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು, ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆ ಗೆರೆ ಭೂಪಟದಲ್ಲಿ ಮೂಡಿತೇ ಹೊರತು ಜನರ ಓಡಾಟದಲ್ಲಿ ಮೂಡಲಿಲ್ಲ. ಮಂಜೇಶ್ವರದವರಿಗೆ ಮಂಗಳೂರೇ ಪೇಟೆ, ಮಂಗಳೂರೇ ಕಾಲೇಜು, ಮಂಗಳೂರೇ ಆಸ್ಪತ್ರೆ. ಗೆಳತಿಯ ಗಂಡನಿಗೆ ಎರಡೂ ಕಿಡ್ನಿ ಸೋತು, ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿದರೆ ಎರಡು ದಿನದ ಆಯುಷ್ಯ ಎಂದು ತಮಾಷೆ ಮಾಡುವ ಮನುಷ್ಯ.

ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳ ಮೇಲೆ ಮಣ್ಣು ಸುರಿದು ಗುಡ್ಡೆ ಹಾಕಿದರು. ಆಂಬುಲೆನ್ಸುಗಳು ಬಂದು, ನಿಂತು, ಹಿಂತಿರುಗಿದವು. ಚಿಕಿತ್ಸೆಗೆಂದು ಮಂಗಳೂರಿಗೆ ಹೊರಟ ಕೆಲವರು ದಾರಿ ಸಿಗದೆ ತೀರಿಕೊಂಡ ಸುದ್ದಿ ದಿನಪತ್ರಿಕೆಗಳಲ್ಲಿ ಒಂದರ ಹಿಂದೊಂದು ಬಂತು. ಕೇರಳ ಹೈಕೋರ್ಟು ಏಪ್ರಿಲ್ ೧ರಂದು, ರೋಗಿಗಳಿಗೆ ದಾರಿ ಬಿಡಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯಗಳು ಕೂತು ಮಾತಾಡಿ ಒಂದು ಕ್ರಮಕ್ಕೆ ಬಂದಿವೆ ಎಂದು ಏಪ್ರಿಲ್ ೭ರಂದು ಅಲ್ಲಿ ಮೊಕದ್ದಮೆ ಮುಗಿಯಿತು. ತಲಪಾಡಿಯಲ್ಲಿ ಪರೀಕ್ಷೆ ಮಾಡಿ, ಕೊರೋನಾ ಇಲ್ಲದ ರೋಗಿಗಳನ್ನು ಬಿಡುವುದೆಂದು ಆಯಿತು.

"ಎಂಥ ಮಾಡುವುದು ಮಾರಾಯ್ತಿ, ಡೆಲ್ಲಿಯಲ್ಲಿ ಕೇಸು ಮುಗಿಯುವಷ್ಟು ದಿನ ಕಿಡ್ನಿ ಕಾಯ್ತದಾ?" ಎಂದಳು ಗೆಳತಿ. ಕಾಸರಗೋಡಿನ ಕಡೆ ಹೇಗೋ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತ್ತು, ಆದರೆ ವಾರಕ್ಕೆ ಎರಡೇ ಸಲ. ನೀರು ಕುಡಿಯುವುದನ್ನು ಲೋಟದ ಲೆಕ್ಕದಲ್ಲಿ ಕಡಿಮೆ ಮಾಡಿದ್ದರು. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ! ಅವರು ಬದುಕಿದರು. ಆದರೆ ಆ ಮೂರು ವಾರದಲ್ಲಿ ತಾನು ಗಂಡನ ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ಗುಳಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವುದನ್ನು ಕಲಿತೆನೆಂದು ಹೇಳಿದಳು.

ಅವಳ ಮಾತು ಕೇಳುವ ಮೊದಲು, ತಲಪಾಡಿಯ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೇನನಿಸಿತ್ತು? ಮುಚ್ಚಿಡುವುದೇಕೆ, ಮುಳ್ಳಿನ ಬೇಲಿಯನ್ನು ನೋಡಿದಾಗ ಅನಿಸಿದ್ದೇ ಅನಿಸಿತ್ತು. ಆಗ ಕಾಸರಗೋಡು ಕೇರಳದಲ್ಲೇ ಅತಿ ಹೆಚ್ಚು ಸೋಂಕಿದ್ದ ಜಿಲ್ಲೆ. ಮಂಗಳೂರಿನವರ ಭಯ ಸುಳ್ಳು ಭಯವಾಗಿರಲಿಲ್ಲ. ಲಕ್ಷಾಂತರ ಜನರನ್ನು ಉಳಿಸಬೇಕಾದರೆ ಕೆಲವರಿಗೆ ಕಷ್ಟವಾಗುತ್ತದೆ ಎಂದು ನಮ್ಮ ಯಜಮಾನರು ವಾದಿಸಿದರು. ಅವರು ಲೆಕ್ಕದ ಮೇಷ್ಟ್ರು. ಹಾಸಿಗೆ ಇಷ್ಟು, ಡಾಕ್ಟರು ಇಷ್ಟು, ಎಲ್ಲರಿಗೂ ಎಲ್ಲವನ್ನೂ ಕೊಡಲಾಗುವುದಿಲ್ಲ. ಯಾರಾದರೂ ಕಾಯಲೇಬೇಕು ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿಲ್ಲ. ಯಾರಾದರೂ ಕಾಯಲೇಬೇಕು ನಿಜ. ಆದರೆ ಯಾರು ಕಾಯಬಲ್ಲರು ಎಂದು ಕೇಳಿದೆವೆ? ಕಣ್ಣಿನ ಪೊರೆಯ ಆಪರೇಷನ್ನಿನವರು ಎರಡು ತಿಂಗಳು ಕಾಯಬಹುದು. ಡಯಾಲಿಸಿಸ್ಸಿನವರು ನಾಲ್ಕು ದಿನ ಕಾಯಲಾರರು. ಕ್ಯಾನ್ಸರಿಗೆ ಔಷಧಿ ಹಾಕಿಸಿಕೊಳ್ಳುವವರ ಸರದಿ ತಪ್ಪಿದರೆ, ಅದು ನಾವು ತಪ್ಪಿಸಿಕೊಂಡ ಬಸ್ಸಿನ ಹಾಗಲ್ಲ, ಮುಂದಿನದು ಹತ್ತಿಕೊಂಡರಾಯಿತು ಎನ್ನುವುದಕ್ಕೆ. 'ತಡೀರಿ' ಎಂಬ ಒಂದೇ ಮಾತನ್ನು ಇವರೆಲ್ಲರಿಗೂ ಒಂದೇ ದನಿಯಲ್ಲಿ ಹೇಳಿದೆವು. ಗಡಿಯನ್ನು ಮುಚ್ಚುವುದಕ್ಕೆ ಮಣ್ಣು ಹೊತ್ತ ಲಾರಿಗಳು ಒಂದೇ ದಿನದಲ್ಲಿ ಸಿಕ್ಕವು. ರೋಗಿಗೆ ದಾರಿ ಬಿಡುವ ಕ್ರಮಕ್ಕೆ ಎರಡು ವಾರ ಬೇಕಾಯಿತು. ಆ ಕ್ರಮ ಮೊದಲ ದಿನವೇ ಮಾಡಬಹುದಾಗಿದ್ದದ್ದೇ: ಒಬ್ಬ ಡಾಕ್ಟರು, ಒಂದು ಮೇಜು, ಒಂದು ಚೀಟಿ. ಹಾಗಾಗಿ ಇದು ಹಲವರ ಪ್ರಾಣಕ್ಕೂ ಕೆಲವರ ಪ್ರಾಣಕ್ಕೂ ನಡುವಿನ ತಕ್ಕಡಿ ಆಗಿತ್ತೆಂದು ನನಗನಿಸುವುದಿಲ್ಲ. ಹಲವರ ಭಯ ಒಂದು ಕಡೆ, ಕೆಲವರ ಪ್ರಾಣ ಇನ್ನೊಂದು ಕಡೆ. ನಮಗೆ ಬರಬಹುದಾಗಿದ್ದ ಕೇಡು ಊಹೆಯದು. ಅವರಿಗೆ ಆಗುವ ಕೇಡು ವಾರ ತಿಥಿ ಸಹಿತ ಗೊತ್ತಿದ್ದದ್ದು.

ಇದನ್ನು ಬರೆಯುವ ಹಕ್ಕು ನನಗೆ ಎಷ್ಟಿದೆ ಎನ್ನುವುದೇ ಸಂಶಯ. ತಲಪಾಡಿಯ ಮಣ್ಣಿನ ಗುಡ್ಡೆಯ ಮೇಲೆ ಸಿಟ್ಟು ಮಾಡುತ್ತಿದ್ದ ದಿನಗಳಲ್ಲೇ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಮೇ ತಿಂಗಳಲ್ಲಿ ರಾಜ್ಯದಾದ್ಯಂತ ಮನೆಮನೆಯ ಆರೋಗ್ಯ ಸಮೀಕ್ಷೆ ನಡೆಯಿತು. ಶಿಕ್ಷಕಿಯರಾದ ನಮಗೂ ಅದರ ಡ್ಯೂಟಿ ಬಿತ್ತು. ಅರವತ್ತು ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕಿಡ್ನಿ, ಕ್ಯಾನ್ಸರ್ ಎಂದು ಕೇಳಿ ಕೇಳಿ ಬರೆದುಕೊಳ್ಳಬೇಕು. ಮೂವತ್ತು ವರ್ಷದ ಹತ್ತಿರ ಇದೇ ಸೀಮೆಯಲ್ಲಿ ಪಾಠ ಹೇಳಿದ್ದರೂ, ಯಾವ ಮನೆಯಲ್ಲಿ ಯಾವ ಮಾತ್ರೆ ಇದೆ ಎನ್ನುವುದು ಆಗಲೇ ನನಗೆ ಗೊತ್ತಾದದ್ದು. ಒಬ್ಬ ಮುದುಕರು, "ಬರ್ಕೊಂಡು ಏನ್ ಕೊಡ್ತೀರಾ ಟೀಚರಮ್ಮಾ?" ಎಂದರು. ನಮ್ಮ ಕೆಲಸ ಬರೆದುಕೊಳ್ಳುವುದಷ್ಟೇ ಆಗಿತ್ತು. ಸೋಂಕು ಬಂದರೆ ಯಾರಿಗೆ ಅಪಾಯ ಹೆಚ್ಚು ಎಂದು ತಿಳಿಯುವುದಕ್ಕೆ.

ಆ ಓಡಾಟದಲ್ಲಿ ಕಂಡ ಒಂದು ಸಂಗತಿ ನಿಮಗೆ ಹೇಳಲೇಬೇಕು, ನೀವೂ ನಿಮ್ಮ ಮನೆಗಳಲ್ಲಿ ನೋಡಿರುತ್ತೀರಿ. ಗಂಡನಿಗೂ ಹೆಂಡತಿಗೂ ಬಿ.ಪಿ. ಇದ್ದ ಮನೆಗಳಲ್ಲಿ, ಮಾತ್ರೆ ಕಡಿಮೆ ಬಿದ್ದಾಗ ಮೊದಲು ಬಿಟ್ಟವಳು ಹೆಂಡತಿ. "ಅವರಿಗೆ ತಪ್ಪಬಾರದು, ನಂದು ಹಂಗೇ ನಡೀತದೆ." ಒಂದು ಮನೆಯಲ್ಲಿ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದರು, ಇನ್ನೊಂದರಲ್ಲಿ ದಿನ ಬಿಟ್ಟು ದಿನ. ಯಾರೂ ಅವರಿಗೆ 'ತಡೀರಿ' ಎಂದಿರಲಿಲ್ಲ. ತಾವೇ ಹೇಳಿಕೊಂಡಿದ್ದರು. ನಮ್ಮ ತಾಯಂದಿರು ಕಲಿಸಿದ ಈ ತಾಳ್ಮೆಯನ್ನು ನಾವು ಗುಣವೆಂದೇ ಹೊಗಳುತ್ತ ಬಂದಿದ್ದೇವೆ, ನಾನಂತೂ ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಬಾಯಿತುಂಬ ಹೇಳಿದ್ದೇನೆ. ಈಗ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಒಳ್ಳೆಯದೂ ನಡೆಯಿತು, ಹೇಳದಿದ್ದರೆ ತಪ್ಪಾದೀತು. ಸಕ್ಕರೆ, ಬಿ.ಪಿ., ಮಾನಸಿಕ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಟ್ಟಿಗೆ, ಆಶಾ ಕಾರ್ಯಕರ್ತೆಯರ ಮೂಲಕ ತಲುಪಿಸಬಹುದೆಂದು ಕೇಂದ್ರದ ಆರೋಗ್ಯ ಇಲಾಖೆ ಏಪ್ರಿಲ್ ಮಧ್ಯದಲ್ಲಿ ಸೂಚನೆ ಕೊಟ್ಟಿತ್ತು. ನಮ್ಮೂರಿನ ಆಶಾ ಹೆಂಗಸು ಬಟ್ಟೆಯ ಚೀಲದಲ್ಲಿ ಮಾತ್ರೆ ತುಂಬಿಕೊಂಡು, ಮುಖಕ್ಕೆ ಸೆರಗು ಸುತ್ತಿಕೊಂಡು ಬಿಸಿಲಲ್ಲಿ ತಿರುಗುತ್ತಿದ್ದುದನ್ನು ನೋಡಿದ್ದೇನೆ. ದೊಡ್ಡ ಆಸ್ಪತ್ರೆಗಳು ಮಾಡಲಾರದ್ದನ್ನು ಆ ಚೀಲ ಮಾಡಿತು. ಕಾಸರಗೋಡಿನಲ್ಲೂ, ವರ್ಷಗಳಿಂದ ಕಟ್ಟುತ್ತಲೇ ಇದ್ದ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜು ಅದೇ ಏಪ್ರಿಲ್‌ನಲ್ಲಿ ಕೊರೋನಾ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ದಾರಿ ಮುಚ್ಚಿದ ಮೇಲಾದರೂ ತಮ್ಮದೊಂದು ಬೇಕೆಂದು ಅರಿವಾಯಿತಲ್ಲ ಎಂದಳು ಗೆಳತಿ.

ಆಮೇಲೆ ಸಾವಿನ ಸುದ್ದಿಗಳು ಬರತೊಡಗಿದವು. ಪ್ರತಿ ಸಂಜೆ ಆರೋಗ್ಯ ಇಲಾಖೆಯ ಪ್ರಕಟಣೆ: ಇಷ್ಟು ವರ್ಷದ ಗಂಡಸು, ಇಷ್ಟು ವರ್ಷದ ಹೆಂಗಸು, ಜೊತೆಗೆ ಸಕ್ಕರೆ ಕಾಯಿಲೆ ಇತ್ತು, ಹೃದ್ರೋಗ ಇತ್ತು. ಆ ಕೊನೆಯ ಮಾತನ್ನು ಓದಿ ನಾವೆಲ್ಲ ಸಣ್ಣಗೆ ಉಸಿರು ಬಿಟ್ಟದ್ದು ನೆನಪಿದೆಯೆ? 'ಓ, ಅವರಿಗೆ ಮೊದಲೇ ಇತ್ತಂತೆ.' ಸತ್ತವರ ಹಳೆಯ ಕಾಯಿಲೆ ನಮಗೆ ಸಮಾಧಾನವಾಯಿತು. ನಮ್ಮ ಓರಗಿತ್ತಿ ಆ ಪ್ರಕಟಣೆಯನ್ನು ಹೇಗೆ ಓದಿರಬಹುದೆಂದು ಅವತ್ತು ಯೋಚಿಸಲಿಲ್ಲ. ಅವಳ ಪಾಲಿಗೆ ಅದರಲ್ಲಿ ಸಮಾಧಾನ ಎಲ್ಲಿತ್ತು?

ಆ ಮಾತ್ರೆ ಬಿಟ್ಟ ಮರುದಿನವೇ ಏನೂ ಆಗುವುದಿಲ್ಲ. ಮೈಯಲ್ಲಿ ನಿಧಾನವಾಗಿ ಕರಗುವ ಔಷಧಿ ಅದು. ಅದಕ್ಕೇ ಅವಳೂ ಧೈರ್ಯವಾಗಿದ್ದಳು, ನಾನೂ ನನಗೆ ಸಬೂಬು ಹೇಳಿಕೊಂಡೆ. ಬೀರು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ಏಪ್ರಿಲ್‌ನಲ್ಲಿ ಅವಳು "ಎಲ್ಲೂ ಸಿಗ್ತಿಲ್ಲ ಅಕ್ಕಾ" ಎಂದಾಗಲೇ ನೆನಪಾಗಿತ್ತು. ಆದರೆ ಮಗ ಬೆಂಗಳೂರಿನಿಂದ ಬರುವವನಿದ್ದ. ನಾಳೆ ನಮ್ಮ ಮನೆಗೇ ಬಂದರೆ? ಯಜಮಾನರಿಗೆ ಬಂದರೆ? ಅವಳದು ಹೇಗೂ ಹಳೇ ಕಾಯಿಲೆ. ದಾವಣಗೆರೆಯ ಆ ಹುಡುಗಿ ಹೇಳಿದ ಮಾತನ್ನೇ ಮನಸ್ಸಿನಲ್ಲಿ ಅವಳಿಗಿಂತ ಮೊದಲು ನಾನು ಹೇಳಿದ್ದೆ.

ಮೇ ಕೊನೆಗೆ ನಮ್ಮ ಕಡೆ ಮತ್ತೆ ಬಸ್ಸು ಓಡಾಡತೊಡಗಿದ ಮೇಲೆ ಹೊಸದುರ್ಗಕ್ಕೆ ಹೋದೆ. ಓರಗಿತ್ತಿ ಬಾಗಿಲು ತೆಗೆದದ್ದು ಮೊಣಕೈಯಿಂದ. ಬೆರಳುಗಳು ಬಾಳೆಕಾಯಿಯ ಹಾಗೆ ಊದಿದ್ದವು. ತಲೆ ಬಾಚಿರಲಿಲ್ಲ, ಬಾಚಣಿಗೆ ಹಿಡಿಯಲು ಆಗುತ್ತಿರಲಿಲ್ಲ. ಮಣಿಕಟ್ಟು ಊದಿ ಹಸಿರು ಗಾಜಿನ ಬಳೆಗಳು ಮಾಂಸದಲ್ಲಿ ಹೂತುಕೊಂಡಿದ್ದವು. ಮೈದುನ ತಲೆ ತಗ್ಗಿಸಿ ನಿಂತಿದ್ದ. "ತೆಗೆಯೋಕೆ ಬರ್ತಿಲ್ಲ ಅತ್ತಿಗೆ, ಒಡೆಯಬೇಕು. ಇವಳು ಬೇಡ ಅಂತಾಳೆ" ಅಂದ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಹಳೆಯ ಗೆಜೆಟಿಯರುಗಳಲ್ಲಿ ನಮ್ಮೂರಿನ ಹೆಸರು ಬಂದಿರುವುದೇ ಬಳೆಯ ಕುಲುಮೆಗಳಿಂದಾಗಿ. ಈಗ ಕುಲುಮೆಗಳಿಲ್ಲ, ಆದರೆ ಆ ಊರಿಗೆ ಸೊಸೆಯಾಗಿ ಬಂದವರಿಗೆ ಬಳೆ ಒಡೆಯುವುದೆಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ನಾನೇ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಳೆಗೂ ಚರ್ಮಕ್ಕೂ ನಡುವೆ ಒದ್ದೆ ಬಟ್ಟೆ ತೂರಿಸಿ, ಇಕ್ಕಳದಿಂದ ಒಂದೊಂದಾಗಿ ಮುರಿದೆ. ಹನ್ನೆರಡು ಬಳೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ನೋವಿಗೋ, ಬಳೆಗೋ, ಕೇಳಲಿಲ್ಲ.

ಮಾರನೆಯ ದಿನ ಯಜಮಾನರ ಕೈಯಲ್ಲಿ ಮೂರು ಶೀಟನ್ನೂ ಕಳಿಸಿದೆ. ಚಿತ್ರದುರ್ಗದಲ್ಲಿ ಮೆಡಿಕಲ್ ಸ್ಟೋರು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಡುಕಿ ಕೊಟ್ಟ ಎಂದು ಹೇಳಿಸಿದೆ. ಆ ವಿದ್ಯಾರ್ಥಿ ಹುಟ್ಟಿದ್ದು ಆಗಲೇ, ನನ್ನ ಬಾಯಲ್ಲಿ. ಓರಗಿತ್ತಿ ಫೋನು ಮಾಡಿ, "ನೀವು ಇಲ್ಲದಿದ್ರೆ ನನಗೆ ಯಾರಿದ್ರು ಅಕ್ಕಾ" ಅಂದಳು.

ಜೂನ್ ಮೊದಲ ವಾರ ಇಂಗ್ಲೆಂಡಿನಲ್ಲಿ ನಡೆಸಿದ 'ರಿಕವರಿ' ಎಂಬ ದೊಡ್ಡ ಪರೀಕ್ಷೆಯ ಫಲ ಬಂತು. ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ. ಜುಲೈ ಆರಂಭಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪರೀಕ್ಷೆಯಿಂದ ಅದನ್ನು ಕೈಬಿಟ್ಟಿತು. ಮೆಡಿಕಲ್ ಸ್ಟೋರುಗಳಿಗೆ ಮಾತ್ರೆ ಮತ್ತೆ ಬಂತು. ಓರಗಿತ್ತಿಯ ಊತ ಇಳಿಯಲು ದೀಪಾವಳಿ ಕಳೆಯಿತು. ಬಲಗೈಯ ಎರಡು ಬೆರಳು ಮಾತ್ರ ನೆಟ್ಟಗಾಗಲೇ ಇಲ್ಲ. ರಾಗಿರೊಟ್ಟಿ ತಟ್ಟುವುದನ್ನು ಬಿಟ್ಟಿದ್ದಾಳೆ. ಬಳೆಯನ್ನು ಒಂದು ಅಳತೆ ದೊಡ್ಡದೇ ತೊಡುತ್ತಾಳೆ.

ಆ ಮಾತ್ರೆಯಿಂದ ಕೊರೋನಾಕ್ಕೆ ಪ್ರಯೋಜನವಿದ್ದಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ ಎಂದು ಒಮ್ಮೆ ಯಜಮಾನರನ್ನು ಕೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಆಗಲೂ ಮೂರರಲ್ಲಿ ಎರಡು ಶೀಟು ಕೊಡಬಹುದಿತ್ತು" ಅಂದರು. ಲೆಕ್ಕದ ಮೇಷ್ಟ್ರು.

ಓರಗಿತ್ತಿಗೆ ಓದುವ ಹುಚ್ಚು ನನಗಿಂತ ಹೆಚ್ಚು. ಈ ಪುಸ್ತಕ ಬಂದರೆ ಮೊದಲ ಪ್ರತಿ ಕೇಳುವವಳು ಅವಳೇ. ಅಚ್ಚಾದದ್ದನ್ನು ಅವಳು ಓದುವ ಮೊದಲು ಎದುರಿಗೆ ಕೂತು ಬಾಯಲ್ಲಿ ಹೇಳಬೇಕು. ಬರುವ ಭಾನುವಾರ ಹೊಸದುರ್ಗಕ್ಕೆ ಹೋಗುತ್ತಿದ್ದೇನೆ.